ಆಯ್ತು ಅನ್ನೋ ಹಾಗಿಲ್ಲ

ಮೊದಲು ಇಲಿ ಅಂದುಕೊಂಡೆ. ಮಧ್ಯರಾತ್ರಿ ದಾಟಿತ್ತು. ಅಡುಗೆಮನೆಯ ಕಡೆಯಿಂದ ಪಿಸಪಿಸ ಎಂದು ಏನೋ ಸಣ್ಣ ಸದ್ದು. ಸ್ವಲ್ಪ ನಿಂತು ಮತ್ತೆ ಶುರುವಾಗುತ್ತಿತ್ತು. ನನ್ನ ನಿದ್ದೆ ಮೊದಲಿನಿಂದಲೂ ತೆಳು. ಮಗಳು ಹುಟ್ಟಿದ ಮೇಲಂತೂ ಒಂದು ಕಿವಿ ಮಲಗುವುದೇ ಇಲ್ಲ. ಎದ್ದು, ದೀಪ ಹಾಕದೆ, ಗೋಡೆ ಹಿಡಿದುಕೊಂಡು ಹೋದೆ.

ಇಲಿಯಲ್ಲ, ನನ್ನ ಮಗಳು. ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿಕೊಳ್ಳುತ್ತಿದ್ದಳು.

"ಗುಂಡಿಗೆ ಇಳೀತಿದೀನಿ. ಗುಂಡೀಲಿದೀನಿ. ಗುಂಡಿಯಿಂದ ಹೊರಗೆ ಬಂದಿದೀನಿ."

"ಯಾವ ಗುಂಡಿನೇ ಇಷ್ಟು ಹೊತ್ನಲ್ಲಿ?" ಅಂದೆ.

ಬೆಚ್ಚಿಬಿದ್ದಳು. "ಅಮ್ಮಾ! ಅರ್ಧ ಜೀವ ಹೋಯ್ತು. ಕೆಮ್ಮಿಕೊಂಡಾದ್ರೂ ಬರಬಾರ್ದಾ?"

"ನಿದ್ದೆ ಬರ್ಲಿಲ್ವಾ?"

"ಬಂದಿತ್ತು. ನನ್ನ ನೋಡಿ ವಾಪಸ್ ಹೋಯ್ತು."

ನಾನು ನಗಲಿಲ್ಲ. ಅವಳು ತಮಾಷೆ ಮಾಡುವಾಗ ಮುಖ ನೋಡಬಾರದು, ಕೈ ನೋಡಬೇಕು. ಅವಳ ಬಲಗೈ ಎಡಗೈಯ ಹೆಬ್ಬೆರಳನ್ನು ಹಿಂಡುತ್ತಿತ್ತು. ಚಿಕ್ಕಂದಿನಲ್ಲಿ ಉತ್ತರಪತ್ರಿಕೆ ಮನೆಗೆ ತರುವ ದಿನವೂ ಹೀಗೆಯೇ ಹಿಂಡುತ್ತಿತ್ತು.

ನನ್ನ ಮಗಳು ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಓಡಾಡುವ ಬಾವಿಯಂಥ ಜಾಗದ ತಳದಲ್ಲಿ, ನೆಲಮಹಡಿಗಿಂತ ಕೆಳಗೆ, ಒಂದು ಗುಂಡಿ ಇರುತ್ತದೆ. ಅಲ್ಲಿಗೆ ಇಳಿದು ಎಣ್ಣೆ, ಕಸ ಬಳಿದು ತೆಗೆಯಬೇಕು, ಉಕ್ಕಿನ ಹಗ್ಗ ಬಿಗಿ ಇದೆಯೇ ನೋಡಬೇಕು. ತಲೆಯ ಮೇಲೆ ಇಡೀ ಲಿಫ್ಟು ತೂಗುತ್ತಿರುತ್ತದೆ. ಅವಳ ಜೊತೆಗಾರ ತೀರ ಮೇಲೆ, ತಾರಸಿಯ ಯಂತ್ರದ ಕೋಣೆಯಲ್ಲಿ, ಮೇನ್ ಸ್ವಿಚ್ಚಿನ ಹತ್ತಿರ ನಿಂತಿರುತ್ತಾನೆ. ಇಬ್ಬರ ನಡುವೆ ಇರುವುದು ಕೂಗು ಮಾತ್ರ. ಈ ಕೆಲಸದ ಬಗ್ಗೆ ಇಷ್ಟು ತಿಳಿದ ದಿನದಿಂದ ಇದಕ್ಕಿಂತ ಹೆಚ್ಚು ತಿಳಿಯುವುದೇ ಬೇಡ ಎಂದು ನಾನು ಅಂದುಕೊಂಡಿದ್ದೆ.

"ಏನು ನಡೀತು, ಹೇಳು" ಅಂದೆ, ಅವಳ ಪಕ್ಕ ಕೂರುತ್ತ. ನೆಲ ತಣ್ಣಗಿತ್ತು.

"ಬೈಬಾರ್ದು."

"ಬೈಯಲ್ಲ."

"ಅಳಲೂಬಾರ್ದು."

"ಅದು ನನ್ನ ಕೈಲಿಲ್ಲ. ಹೇಳು."

ಹೇಳಿದಳು. ಮಧ್ಯಾಹ್ನ ಅವಳು ಗುಂಡಿಯಲ್ಲಿದ್ದಳು. ಮೇಲೆ ಸ್ವಿಚ್ಚು ಆರಿಸಿ ಅವಳ ಜೊತೆಗಾರ ಕಾಯುತ್ತಿದ್ದ. ಗುಂಡಿಗೆ ಇಳಿದ ಕೂಡಲೇ ಗೋಡೆಯ ಕೆಂಪು ಗುಂಡಿಯನ್ನು, ಅಂದರೆ ಲಿಫ್ಟನ್ನು ತಡೆಯುವ ಬಟನ್ನನ್ನು, ಒತ್ತಬೇಕು. ಒತ್ತಲು ಕೈ ಚಾಚಿದವಳಿಗೆ ಹಗ್ಗದಿಂದ ಒಂದು ವಿಚಿತ್ರ ಸದ್ದು ಕೇಳಿಸಿತು. ಆ ಸದ್ದಿನ ಹಿಂದೆ ಹೋದಳು. ಬಟನ್ನು ಅಲ್ಲೇ ಉಳಿಯಿತು. ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎತ್ತಿ, "ಆಯ್ತು" ಅಂದಳು. ಬಾವಿಯೊಳಗೆ ಆಡಿದ ಮಾತು ಮೇಲಿನವರೆಗೂ ಹೋಗುತ್ತದೆ. ಮೇಲಿದ್ದವನು ಕೆಲಸ ಮುಗೀತು, ಇವಳು ಹೊರಗೆ ಬಂದಳು ಅಂದುಕೊಂಡು ಸ್ವಿಚ್ಚು ಹಾಕಿದ. ಲಿಫ್ಟು ಒಂದು ಮೊಳ ಕೆಳಗೆ ಬಂತು. ಅಷ್ಟರಲ್ಲಿ ಇವಳ ಕೈಗೆ ಕೆಂಪು ಬಟನ್ನು ಸಿಕ್ಕಿತು.

"ಒಂದು ಮೊಳ ಅಷ್ಟೇ ಅಮ್ಮ. ತಲೆಗೂ ಅದಕ್ಕೂ ಇನ್ನೂ ಬೇಕಾದಷ್ಟು ಜಾಗ ಇತ್ತು."

ನಾನು ಕೇಳಬೇಕಾದ್ದು ಒಂದೇ ಉಳಿದಿತ್ತು. ಕೇಳದೆಯೂ ಗೊತ್ತಿತ್ತು. ಅವಳು ಕೆಲಸದಲ್ಲಿ ಮುಳುಗಿದರೆ ಹೊಟ್ಟೆಯನ್ನೂ ಮರೆಯುತ್ತಾಳೆ. ಡಬ್ಬಿ ಹೋದ ಹಾಗೆಯೇ ವಾಪಸ್ ಬರುತ್ತದೆ. ಅದಕ್ಕೆ ದಿನಾ ಮಧ್ಯಾಹ್ನ ನಾನು ಫೋನ್ ಮಾಡುತ್ತೇನೆ. ಕೇಳುವುದು ಒಂದೇ ಪ್ರಶ್ನೆ: "ಊಟ ಆಯ್ತಾ?"

"ನಾನಾ?" ಅಂದೆ.

"ನೀನು ಫೋನ್ ಮಾಡಿದ್ದಲ್ಲ ತಪ್ಪು. ನಾನು ಎತ್ತಿದ್ದು ತಪ್ಪು. ಅದೂ ಸುಳ್ಳು ಹೇಳೋಕೆ. ಊಟ ಎಲ್ಲಿ ಆಗಿತ್ತು?" ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. "ಸುಳ್ಳಿಗೆ ಅಲ್ಲೇ ಶಿಕ್ಷೆ ಸಿಕ್ಕಿದ್ದು ಇದೇ ಮೊದಲು."

ಅಳುವುದಿಲ್ಲ ಎಂದು ಮಾತು ಕೊಟ್ಟಿರಲಿಲ್ಲ. ಹಾಗಾಗಿ ಅತ್ತೆ. ಅವಳು ನನ್ನ ಬೆನ್ನು ಸವರುತ್ತ ಕೂತಳು, ಬಿದ್ದ ಮಗು ತಾನಲ್ಲ, ನಾನು ಅನ್ನುವ ಹಾಗೆ.

ಶಾಲೆಯಲ್ಲಿ ಅವಳಿಗೆ ಅನೇಕ ಹೆಸರುಗಳಿದ್ದವು. ಗಾಳಿ, ತೂತು ಮಡಕೆ, "ತಲೆ ಮನೇಲಿ ಬಿಟ್ಟು ಬಂದ್ಯಾ?" ಪ್ರಶ್ನೆಪತ್ರಿಕೆಯ ಹಿಂಬದಿ ತಿರುಗಿಸದೆ ಅರ್ಧಕ್ಕೇ ಎದ್ದು ಬಂದ ವರ್ಷ ನಾನೂ ಅವಳಿಗೆ ಎರಡು ಬಾರಿಸಿದ್ದುಂಟು. ಅವಳ ಅಪ್ಪ ಮಾತ್ರ, ತೀರಿಹೋಗುವವರೆಗೂ, "ಅವಳು ಮರೆಯಲ್ಲ ಕಣೇ, ಅವಳಿಗೆ ಒಂದೇ ಸಲ ಹತ್ತು ವಿಷಯ ನೆನಪಾಗುತ್ತೆ" ಅನ್ನುತ್ತಿದ್ದರು. ಕಳೆದ ವರ್ಷ ಒಬ್ಬ ವೈದ್ಯೆ ಅದಕ್ಕೆ ಎ.ಡಿ.ಎಚ್.ಡಿ., ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಎಂದು ಹೆಸರಿಟ್ಟರು. ಬೆಳಗಿನ ಮಾತ್ರೆ ಬರೆದುಕೊಟ್ಟರು. ಜೊತೆಗೆ ಒಂದು ಮಾತೂ ಹೇಳಿದರು: "ನೆನಪಿನ ಮೇಲೆ ಭಾರ ಹೊರಿಸಬೇಡ. ಹೊರಗಿರೋ ವಸ್ತುಗಳ ಮೇಲೆ ಹೊರಿಸು. ವಸ್ತುಗಳಿಗೆ ಬೇಜಾರಾಗಲ್ಲ." ಅಂದಿನಿಂದ ನಮ್ಮ ಬಾಗಿಲ ಹಿಂದೆ ಒಂದು ಮೊಳೆ; ಕೀಲಿಗೆ ಬೇರೆ ಜಾಗವಿಲ್ಲ. ಮಾತ್ರೆ ಹಲ್ಲುಜ್ಜುವ ಬ್ರಷ್ಷಿನ ಜೊತೆ. ಒಲೆ ಹಚ್ಚಿದರೆ ಕೈಯಲ್ಲಿ ಸೌಟು ಹಿಡಿದೇ ಓಡಾಡಬೇಕು, ಸೌಟು ಕೆಳಗಿಟ್ಟರೆ ಒಲೆ ಆರಿಸಿರಬೇಕು. ಸೌಟು ಹಿಡಿದುಕೊಂಡೇ ಒಮ್ಮೆ ಅಂಗಡಿಗೂ ಹೋಗಿಬಂದಳು. ಮನೆ ಮಾತ್ರ ಸುಡಲಿಲ್ಲ.

"ಸೂಪರ್‌ವೈಸರ್‌ಗೆ ಗೊತ್ತಾ?" ಅಂದೆ ಮೂಗು ಒರೆಸಿಕೊಂಡು.

"ನಾನೇ ಹೇಳಿದೆ. ಇಬ್ಬರಿಗೂ ಎಚ್ಚರಿಕೆ ಕೊಟ್ಟಿದಾರೆ, ನಂಗೂ ದೊಡ್ಡಣ್ಣಂಗೂ. ಮುಂದಿನ ವಾರ ಒಂದು ಕೆಲಸ ಅವರ ಕಣ್ಮುಂದೆ ಮಾಡಿ ತೋರಿಸಬೇಕು. ಸರಿ ಅನ್ಸಿದ್ರೆ ಕೆಲಸ ಮುಂದುವರಿಯುತ್ತೆ. ಇಲ್ದಿದ್ರೆ ಸ್ಟೋರ್‌ನಲ್ಲಿ ಕೂತು ನಟ್ಟು ಬೋಲ್ಟು ಕೊಡೋದು."

ಸ್ಟೋರ್. ಕುರ್ಚಿ, ಫ್ಯಾನು, ತಲೆಯ ಮೇಲೆ ಬರೀ ಸುಣ್ಣ ಬಳಿದ ಚಾವಣಿ. ನನ್ನ ಎದೆ ಒಂದು ಕ್ಷಣ ಹಗುರಾಯಿತು. ಅದು ಅವಳಿಗೆ ತಿಳಿಯಿತೋ ಏನೋ.

"ಅಲ್ಲಿ ಕೂತ್ರೆ ನಾನು ಸತ್ತೇ ಹೋಗ್ತೀನಿ ಅಮ್ಮ" ಅಂದಳು ಮೆಲ್ಲಗೆ. "ಲಿಫ್ಟಿನ ಹತ್ರ ನಿಂತಾಗ ಮಾತ್ರ ನನ್ನ ತಲೆ ಒಂದೇ ಕಡೆ ಇರತ್ತೆ."

*

ದೊಡ್ಡಣ್ಣ ಅವಳ ಜೊತೆಗಾರನ ಅಡ್ಡಹೆಸರು. ಆಳು ನನ್ನ ಭುಜದವರೆಗೂ ಬರುವುದಿಲ್ಲ. ಮೂವತ್ತು ವರ್ಷಗಳಿಂದ ಲಿಫ್ಟಿನ ಕೆಲಸ. ಇವಳಿಗೆ ಕೆಲಸ ಕಲಿಸಿದವನೇ ಅವನು. ಮರುದಿನ ಸಂಜೆ ಮಗಳ ಜೊತೆ ಮನೆಗೆ ಬಂದ. ಕುರ್ಚಿಯ ಅಂಚಿನಲ್ಲಿ ಕೂತ, ಯಾವಾಗ ಬೇಕಾದರೂ ಎದ್ದು ಬೈಸಿಕೊಳ್ಳಲು ತಯಾರು ಅನ್ನುವ ಹಾಗೆ.

"ಅಮ್ಮಾವ್ರೇ, ನನ್ನ ಕೈಯಿಂದ ಆಗಿಹೋಯ್ತು. ಬೈದುಬಿಡಿ, ನಿದ್ದೆನಾದ್ರೂ ಬರತ್ತೆ."

"ಟೀ ಕುಡೀರಿ ಮೊದ್ಲು" ಅಂದೆ. ಬೈಯಲು ನನಗೇನು ಹಕ್ಕಿತ್ತು?

"ಏ ಮರಿ, ನಿಮ್ಮಮ್ಮ ಬೈಯಲ್ಲ ಅಂತಾರೆ. ಟೀನಲ್ಲಿ ಏನಾದ್ರೂ ಹಾಕಿದಾರಾ ನೋಡು."

"ಸಕ್ಕರೆ ಹಾಕಿಲ್ಲ, ಅದೇ ಶಿಕ್ಷೆ" ಅಂದಳು ಮಗಳು.

ಆ ಸಂಜೆ ನಮ್ಮ ಊಟದ ಮೇಜಿನ ಮೇಲೆ ಒಂದು ಪದದ ವಿಚಾರಣೆ ನಡೆಯಿತು. ನಾನು ಒಂದು ಮುದ್ರಣಾಲಯಕ್ಕೆ ಮನೆಯಲ್ಲೇ ಕೂತು ಕರಡು ತಿದ್ದುವವಳು. ಇಷ್ಟು ವರ್ಷ ಕಾಮಾ ಕಂಡರೂ ಅನುಮಾನಪಟ್ಟವಳು ಈ ಪದವನ್ನು ಒಮ್ಮೆಯೂ ನಿಲ್ಲಿಸಿ ಕೇಳಿರಲಿಲ್ಲ. ಕೆಲಸ ಹೇಳಿದಾಗ "ಆಯ್ತು" ಅನ್ನುತ್ತೇವೆ; ಆಗ ಕೆಲಸ ಶುರುವೂ ಆಗಿರುವುದಿಲ್ಲ. ಮುಗಿದಾಗಲೂ "ಆಯ್ತು". ಫೋನ್ ಇಡುವಾಗ ಆಯ್ತು, ಜಗಳ ಸಾಕಾದಾಗ ಆಯ್ತಾಯ್ತು, ಊಟ ಆಗದಿದ್ದರೂ ಆಯ್ತು. ಮಾಡುತ್ತೇನೆ ಎಂಬುದಕ್ಕೂ ಮಾಡಿದೆ ಎಂಬುದಕ್ಕೂ ಒಂದೇ ಪದ ಇಟ್ಟುಕೊಂಡು ನಾವೆಲ್ಲ ಇಷ್ಟು ಕಾಲ ಹೇಗೆ ಬದುಕಿದ್ದೇವೋ!

"ಇನ್ಮೇಲೆ ಕೆಲಸದಲ್ಲಿ ಯಾರೂ ಆಯ್ತು ಅನ್ನೋ ಹಾಗಿಲ್ಲ" ಅಂದಳು ಮಗಳು. "ಇಳೀತಿದೀನಿ, ಇದೀನಿ, ಹೊರಗೆ ಬಂದಿದೀನಿ. ಪೂರ್ತಿ ವಾಕ್ಯ. ಕೇಳಿಸಿಕೊಂಡೋರು ಅದೇ ವಾಕ್ಯ ವಾಪಸ್ ಹೇಳ್ಬೇಕು. ಗುಂಡೀಲಿದೀಯ, ಕೇಳಿಸ್ತು, ಅಂತ."

"ಆಯ್ತು" ಅಂದ ದೊಡ್ಡಣ್ಣ.

ನಾವಿಬ್ಬರೂ ಅವನನ್ನು ನೋಡಿದೆವು. ಅವನು ಬಾಯಿ ಮುಚ್ಚಿಕೊಂಡ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ" ಅಂದ ಆಮೇಲೆ. "ನಂದು ಬಾಯಲ್ಲ ಮರಿ, ಒಡೆದ ನಲ್ಲಿ. ಮೂವತ್ತು ವರ್ಷದ ಅಭ್ಯಾಸ ನಿನ್ನ ಮಾತಿಗೆ ಹೆದರಿ ಹೋಗತ್ತಾ?"

"ಹೋಗಲ್ಲ. ಅದಕ್ಕೇ ಇದು" ಎಂದು ಜೇಬಿನಿಂದ ಒಂದು ಸಣ್ಣ ಕೆಂಪು ಬೀಗ ತೆಗೆದಿಟ್ಟಳು.

ಬೀಗ ಮೊದಲೂ ಇತ್ತಂತೆ. ಸ್ವಿಚ್ಚು ಆರಿಸಿ ಅದರ ಹಿಡಿಗೆ ಹಾಕುವುದು. ಆದರೆ ಅದು ಇಬ್ಬರಿಗೂ ಸೇರಿ ಒಂದು, ಅದರ ಕೀಲಿ ಮೇಲಿದ್ದವನ ಹತ್ತಿರ. ಬಹಳ ಸಲ ಹಾಕುತ್ತಲೂ ಇರಲಿಲ್ಲ. ಇದು ಅವಳೊಬ್ಬಳದು. ಕೀಲಿ ಒಂದೇ. ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಗುಂಡಿಗಿಳಿಯುವ ಮೊದಲು ತಾನೇ ತಾರಸಿಗೆ ಹತ್ತಿ ಬೀಗ ಹಾಕುವುದು, ಕೆಳಗೆ ಹೋಗಿ ಇಳಿಯುವುದು, ಕೆಲಸ ಮುಗಿಸಿ ಹೊರಬಂದು ಮತ್ತೆ ತಾರಸಿಗೆ ಹತ್ತಿ ತಾನೇ ತೆಗೆಯುವುದು.

"ನಾನು ಏನು ಬೇಕಾದ್ರೂ ಮರೀಲಿ, ಯಾರು ಏನು ಬೇಕಾದ್ರೂ ಅನ್ಲಿ. ಕೀಲಿ ನನ್ನ ಜೊತೆ ಗುಂಡೀಲಿದ್ರೆ ಲಿಫ್ಟು ಅಲ್ಲಾಡಲ್ಲ."

ದೊಡ್ಡಣ್ಣ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿದ. ಮುಖ ಸಣ್ಣದಾಯಿತು. "ಅಂದ್ರೆ ನನ್ನ ನಂಬಲ್ಲ ಅಂತಾಯ್ತು."

"ನನ್ನನ್ನೇ ನಾನು ನಂಬಲ್ಲ ದೊಡ್ಡಣ್ಣ. ನಿನ್ನ ಮೇಲೆ ಮಾತ್ರ ಯಾಕೆ ಕರುಣೆ ತೋರಿಸ್ಲಿ?"

ಅವನು ನಕ್ಕ. ಆದರೆ ಬೀಗವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟ.

ನಾನೂ ಮಧ್ಯಾಹ್ನದ ಫೋನು ಬಿಟ್ಟೆ. ಬಿಟ್ಟೆ ಎಂದು ಬರೆಯುವುದು ಸುಲಭ. ಹೊತ್ತಾಗುತ್ತಿದ್ದ ಹಾಗೆ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹಾಕಿ ಮುಚ್ಚಳ ಮುಚ್ಚುತ್ತಿದ್ದೆ. ಅವಳೇ ಊಟ ಮಾಡಿ ಖಾಲಿ ಡಬ್ಬಿಯ ಚಿತ್ರ ಕಳಿಸಬೇಕು ಎಂದು ಒಪ್ಪಂದ. ಒಂದು ದಿನ ಕಳಿಸಿದಳು. ಮರುದಿನ ಮರೆತಳು. ಮೂರನೆಯ ದಿನ ದೊಡ್ಡಣ್ಣನ ಖಾಲಿ ಡಬ್ಬಿಯ ಚಿತ್ರ ಬಂತು. ನಮ್ಮ ಮನೆಯ ಡಬ್ಬಿಗೆ ನೀಲಿ ಹಿಡಿ ಇಲ್ಲವೆಂದು ಅವಳಿಗೆ ಹೊಳೆದಿರಲಿಲ್ಲ.

*

ಪರೀಕ್ಷೆಯ ಕೆಲಸ ನಮ್ಮ ಕಟ್ಟಡದ್ದೇ ಲಿಫ್ಟು. ಅದರ ವಾರ್ಷಿಕ ತಪಾಸಣೆ ಆ ವಾರ ಬಾಕಿ ಇತ್ತು. ಸೂಪರ್‌ವೈಸರ್ ಬೇಕೆಂದೇ ಅದನ್ನು ಆರಿಸಿದರೋ, ಇದ್ದದ್ದೇ ಅದೋ, ಗೊತ್ತಿಲ್ಲ.

"ನೀನು ಮನೇಲೇ ಇರ್ಬೇಕು" ಎಂದು ಬೆಳಗ್ಗೆ ಮಗಳು ತಾಕೀತು ಮಾಡಿದಳು. "ಬಾಗಿಲ ಸಂದೀಲಿ ಇಣುಕಬಾರ್ದು."

"ನಂಗೇನು ಬೇರೆ ಕೆಲಸ ಇಲ್ವಾ?"

ಬೇರೆ ಕೆಲಸವನ್ನು ಹುಟ್ಟಿಸಿಕೊಂಡೆ. ನಿನ್ನೆ ಒಗೆದು ಒಣಗಿ ಮಡಿಸಿಟ್ಟಿದ್ದ ಚಾದರ, ದಿಂಬಿನ ಚೀಲಗಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಬಕೆಟ್ಟಿಗೆ ತುಂಬಿ, ತಾರಸಿಗೆ ಹೊರಟೆ. ಬಟ್ಟೆ ಹರವಲು ತಾರಸಿಗೆ ಹೋಗುವವಳನ್ನು ಯಾರೂ ಏನೂ ಕೇಳುವ ಹಾಗಿಲ್ಲ.

ಯಂತ್ರದ ಕೋಣೆಯ ಬಾಗಿಲು ತೆರೆದಿತ್ತು. ಮಗಳು ಆಗ ತಾನೇ ಬಂದು ಬೀಗ ಹಾಕಿ ಇಳಿದು ಹೋಗಿದ್ದಳು. ಮೆಟ್ಟಿಲಲ್ಲಿ ಅವಳ ಬೂಟಿನ ಸದ್ದು ನಮ್ಮ ಬಾಗಿಲು ದಾಟಿದ ಮೇಲೆಯೇ ನಾನು ಹತ್ತಿದ್ದೆ; ಅದಿನ್ನೂ ಕೆಳಕೆಳಗೆ ಹೋಗುತ್ತಿತ್ತು. ಸೂಪರ್‌ವೈಸರ್ ನೆಲಮಹಡಿಯಲ್ಲಿ ಗುಂಡಿಯ ಬಾಗಿಲ ಹತ್ತಿರ ನಿಂತಿದ್ದರು. ಕೋಣೆಯೊಳಗೆ ದೊಡ್ಡಣ್ಣ ಮೊಣಕಾಲೂರಿ, ಹಗ್ಗಗಳು ಕೆಳಗಿಳಿಯುವ ನೆಲದ ಕಿಂಡಿಗೆ ಕಿವಿ ಕೊಟ್ಟು ಕೂತಿದ್ದ. ನನ್ನನ್ನು ಅವನು ನೋಡಲಿಲ್ಲ. ನಾನು ಒಂದು ಚಾದರ ಹರವಿ ಅದರ ಹಿಂದೆ ನಿಂತೆ. ಚಾದರ ಗಾಳಿಗೆ ಎತ್ತಿದಾಗಲೆಲ್ಲ ಕೋಣೆ ಕಾಣುತ್ತಿತ್ತು.

ಕಿಂಡಿಯಿಂದ ಅವಳ ದನಿ ಬಂತು, ದೂರದ ಬಾವಿಯಿಂದ ಬಂದ ಹಾಗೆ. "ಗುಂಡಿಗೆ ಇಳೀತಿದೀನಿ."

"ಇಳೀತಿದೀಯ, ಕೇಳಿಸ್ತು!"

"ಕೆಂಪು ಬಟನ್ ಒತ್ತಿದೀನಿ. ಗುಂಡೀಲಿದೀನಿ."

"ಬಟನ್ ಒತ್ತಿದೀಯ, ಗುಂಡೀಲಿದೀಯ!"

ನನ್ನ ತುಟಿಯೂ ಅಲ್ಲಾಡುತ್ತಿತ್ತು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಸರಿಯಾಗಿ ನಡೆಯುವುದನ್ನು ನೋಡಿದರೆ ನನಗೆ ಹೆದರಿಕೆ ಇನ್ನೂ ಹೆಚ್ಚು.

ಆಗ ಮೂರನೆಯ ಮಹಡಿಯ ಅಜ್ಜಿ ತಾರಸಿಗೆ ಬಂದರು. ಅವರಿಗೆ ಕಿವಿ ಮಂದ. ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಅವರ ದೃಢ ನಂಬಿಕೆ. ಹಾಗಾಗಿ ತಂಗಿಯ ಜೊತೆ ಮಾತಾಡಲು ತಾರಸಿಗೇ ಬರುತ್ತಾರೆ. ಸಿಗ್ನಲ್ ಇಲ್ಲದಿದ್ದರೂ ತಂಗಿಗೆ ಕೇಳಿಸುವಷ್ಟು ಜೋರು ದನಿ. ಯಂತ್ರದ ಕೋಣೆಯ ನೆರಳಿನಲ್ಲಿ, ತೆರೆದ ಬಾಗಿಲಿಗೆ ಬೆನ್ನು ಮಾಡಿ ನಿಂತುಕೊಂಡರು.

"ಹ್ಞಾಂ? ಸೊಸೆನಾ? ಅವಳ ಕಥೆ ಬಿಡು. ಹ್ಞಾಂ? ಗುಳಿಗೆ ತಗೊಂಡೆ. ತಗೊಂಡೆ ಅಂದ್ನಲ್ಲ!"

ಏನು ಬರಲಿದೆ ಎಂದು ನನಗೆ ಒಂದು ಉಸಿರಿನಷ್ಟು ಮೊದಲೇ ಗೊತ್ತಾಯಿತು. ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲ ಕೆಳಗೆ ಬಿತ್ತು. ಅಜ್ಜಿಯ ಕಡೆಗೆ ಎರಡು ಹೆಜ್ಜೆ ಓಡಿದೆ.

"ಆಯ್ತು!" ಅಂದರು ಅಜ್ಜಿ ಗಟ್ಟಿಯಾಗಿ. "ಆಯ್ತು, ಆಯ್ತು!"

ಕೋಣೆಯೊಳಗೆ ದೊಡ್ಡಣ್ಣ ಎದ್ದ. ಯೋಚಿಸಲಿಲ್ಲ, ತಿರುಗಿ ನೋಡಲಿಲ್ಲ. ಕರೆದಾಗ ಏಳುವ ಹಾಗೆ ಎದ್ದು, ಒಂದೇ ಹೆಜ್ಜೆಗೆ ಗೋಡೆ ತಲುಪಿ, ಸ್ವಿಚ್ಚಿನ ಹಿಡಿಗೆ ಕೈ ಹಾಕಿ ಮೇಲಕ್ಕೆಳೆದ.

ಕೂಗಬೇಕು ಎಂದು ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು. ದನಿ ಬರಲಿಲ್ಲ. ಇಪ್ಪತ್ತಾರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವಳಿಗೆ, ಬೇಕಾದ ಆ ಒಂದು ಕ್ಷಣದಲ್ಲಿ, ಗಂಟಲು ಕೈಕೊಟ್ಟಿತು.

ಹಿಡಿ ಮೇಲೇರಲಿಲ್ಲ. ಬೀಗ ತಡೆದಿತ್ತು.

ಅವನು ಇನ್ನೊಮ್ಮೆ ಎಳೆದ, ಸಿಕ್ಕಿಕೊಂಡ ಕಿಟಕಿಯನ್ನು ಎಳೆಯುವ ಹಾಗೆ. ಆಮೇಲೆ ಬೀಗವನ್ನು ಕಂಡ. ಅವನ ಕೈ ಹಿಡಿಯ ಮೇಲೆಯೇ ಇತ್ತು. ಅದನ್ನು ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೈ ಬೇರೆ ಯಾರದೋ ಅನ್ನುವ ಹಾಗೆ ಅದನ್ನೇ ನೋಡುತ್ತಿದ್ದ. ತಿರುಗಿದಾಗ ಬಾಗಿಲಲ್ಲಿ ನಾನಿದ್ದೆ.

ಅಜ್ಜಿ ಮಾತಾಡುತ್ತಲೇ ನೀರಿನ ಟ್ಯಾಂಕಿನ ಕಡೆ ನಡೆದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನ ತುಟಿ ಬೆಳ್ಳಗಾಗಿತ್ತು. ನನ್ನ ಮುಖ ಹೇಗಿತ್ತೋ.

"ದೊಡ್ಡಣ್ಣಾ" ಎಂದಿತು ಕಿಂಡಿಯಿಂದ ಅವಳ ದನಿ, ಏನೂ ತಿಳಿಯದ, ಕೆಲಸದಲ್ಲಿ ಸುಖವಾಗಿದ್ದ ದನಿ. "ಇನ್ನೂ ಗುಂಡೀಲಿದೀನಿ. ಹಗ್ಗ ಬಿಗಿ ಮಾಡ್ತಿದೀನಿ."

ಅವನು ಕಿಂಡಿಯ ಹತ್ತಿರ ಬಗ್ಗಿದ. "ಗುಂಡೀಲಿದೀಯ" ಅಂದ. "ಗುಂಡೀಲಿದೀಯ ಮರಿ. ಕೇಳಿಸ್ತು."

ಆಮೇಲೆ ಅಲ್ಲೇ ಕೂತುಬಿಟ್ಟ. ನಾನು ಒಳಗೆ ಹೋಗಿ ಅವನ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟೆ. ಕುಡಿದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ನಾನು ಹೊರಗೆ ಬಂದು ದಿಂಬಿನ ಚೀಲ ಎತ್ತಿಕೊಂಡೆ. ಮಣ್ಣಾಗಿತ್ತು. ಹಾಗೆಯೇ ಹರವಿದೆ.

*

ಕೆಲಸ ಮುಗಿಸಿ ಮಗಳು ಮೆಟ್ಟಿಲು ಹತ್ತಿ ಬಂದಳು. ಹಣೆಯ ಮೇಲೆ ಗ್ರೀಸು, ಏದುಸಿರು. ಅವಳ ಹಿಂದೆ ಸೂಪರ್‌ವೈಸರ್, ಅವಳಿಗಿಂತ ಹೆಚ್ಚು ಏದುತ್ತ.

"ಗುಂಡಿಯಿಂದ ಹೊರಗೆ ಬಂದಿದೀನಿ. ಬಾಗಿಲು ಹಾಕಿದೀನಿ. ಬೀಗ ತೆಗೀತಿದೀನಿ" ಎಂದು ಕೊರಳ ಕೀಲಿ ಬಿಚ್ಚಿದಳು. ಆಗ ಚಾದರದ ಹಿಂದಿನ ನನ್ನ ಕಾಲು ಅವಳ ಕಣ್ಣಿಗೆ ಬಿತ್ತು. "ಅಮ್ಮಾ. ಆ ಚಾದರ ನಿನ್ನೆ ಒಣಗಿರ್ಲಿಲ್ವಾ?"

"ಮಡಿಸುವಾಗ ವಾಸನೆ ಬಂತು."

"ಬಂದಿರತ್ತೆ ಬಂದಿರತ್ತೆ."

ಸೂಪರ್‌ವೈಸರ್ ಗೋಡೆಗೆ ಒರಗಿ ಉಸಿರು ತಂದುಕೊಂಡರು. ಕೆಟ್ಟ ಮನುಷ್ಯರಲ್ಲ. ದಿನಕ್ಕೆ ಎಷ್ಟು ಲಿಫ್ಟು ಆಗಬೇಕೆಂದು ಅವರನ್ನೂ ಕೇಳುವವರು ಇದ್ದಾರೆ. "ಕೆಲಸ ಚೆನ್ನಾಗಿದೆ" ಅಂದರು. "ಹಗ್ಗ ಸಡಿಲ ಇದೆ ಅಂತ ಸದ್ದಲ್ಲೇ ಹಿಡಿದೆಯಲ್ಲ, ಅದು ನಂಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಈ ಬೀಗದ ಯಾತ್ರೆ ಇದೆಯಲ್ಲಮ್ಮ, ಹತ್ತೋದು ಇಳಿಯೋದು, ಇದು ನಡೆಯಲ್ಲ. ಹತ್ತು ಮಹಡಿ ಕಟ್ಟಡದಲ್ಲಿ ಏನ್ಮಾಡ್ತೀಯ? ಮೇಲೆ ಇಷ್ಟು ವರ್ಷ ಅನುಭವ ಇರೋ ಮನುಷ್ಯ ನಿಂತಿರ್ತಾನೆ. ಕೀಲಿ ಅವನ ಹತ್ರ ಕೊಡು. ಅದಾಗಲ್ಲ, ನನ್ನ ತಲೆ ಹಾಗೆ ಕೆಲಸ ಮಾಡಲ್ಲ ಅಂದ್ರೆ, ಸ್ಟೋರ್ ಇದೆ. ನಿಂಗೂ ನೆಮ್ಮದಿ, ನಮಗೂ ನೆಮ್ಮದಿ."

ಮಗಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಬಲಗೈ ಎಡಗೈಯ ಹೆಬ್ಬೆರಳಿಗೆ ಹೋಯಿತು. "ಕೀಲಿ ಕೊಡಕ್ಕಾಗಲ್ಲ ಸಾರ್" ಅಂದಳು. "ಅದೊಂದು ಬಿಟ್ಟು ಏನು ಬೇಕಾದ್ರೂ ಹೇಳಿ."

"ಹಾಗಾದ್ರೆ..." ಅಂದರು ಅವರು.

ನಾನು ಸುಮ್ಮನಿದ್ದರೆ ಸಾಕಿತ್ತು. ನನ್ನ ಮಗಳು ಕುರ್ಚಿಯ ಮೇಲೆ, ಫ್ಯಾನಿನ ಕೆಳಗೆ, ಸಂಜೆಗೆ ಸರಿಯಾಗಿ ಮನೆಗೆ. ಎಷ್ಟು ರಾತ್ರಿ ಬೇಡಿಕೊಂಡಿದ್ದೆ ಅದನ್ನು. ಆದರೆ ಆಗ ತಾನೇ ಅವಳ ಆ ಬೀಗ ಏನು ಮಾಡಿತೆಂದು ನೋಡಿದ್ದವಳು ನಾನು. ಕೆಳಗೆ ಕೆಂಪು ಬಟನ್ನೂ ಒತ್ತಿತ್ತು ಎಂಬುದು ಆಮೇಲೆ ನೆನಪಾಯಿತು; ಅದನ್ನು ಮರೆಯುವ ದಿನ ಬೀಗ ಒಂದೇ ಉಳಿಯುತ್ತದೆ. ಅವಳ ತಲೆಯ ತೊಂದರೆ ಅಂದುಕೊಂಡದ್ದು ಇನ್ನೊಂದು ತಲೆಯಲ್ಲೂ ಇತ್ತು, ಮೂವತ್ತು ವರ್ಷದ ಅನುಭವದ ತಲೆಯಲ್ಲಿ. ವ್ಯತ್ಯಾಸವಿಷ್ಟೇ, ಇವಳಿಗೆ ಅದು ಗೊತ್ತಿತ್ತು. ಗೊತ್ತಿದ್ದುದರಿಂದ ಬೀಗ ತಂದಿದ್ದಳು. ಹೇಳಿದರೆ ಇವಳ ಕೆಲಸ ಉಳಿಯುತ್ತದೆ, ಅವನದು ಹೋಗುತ್ತದೆ. ಅವನಿಗೆ ಇದು ಎರಡನೆಯ ಸಲ. ನಾಲಗೆಯ ತುದಿಗೆ ಬಂದ ಮಾತನ್ನು ಹಿಡಿಯುವುದೋ ಬಿಡುವುದೋ ತಿಳಿಯದೆ ಚಾದರದ ಅಂಚನ್ನು ಹಿಡಿದು ನಿಂತೆ.

"ಸಾರ್" ಅಂದ ದೊಡ್ಡಣ್ಣ.

ಅವನು ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ. ಅಂಗಿ ಇನ್ನೂ ಒದ್ದೆ.

"ಕೀಲಿ ಅವಳ ಹತ್ರಾನೇ ಇರ್ಲಿ. ನನ್ನ ಹತ್ರ ಬೇಡ."

"ನೀನೇ ಹೀಗಂದ್ರೆ ಹೇಗಯ್ಯಾ?"

"ನಾನೇ ಅನ್ಬೇಕು ಸಾರ್. ಮೇಲೆ ನಿಲ್ಲೋನು ನಾನಲ್ವಾ? ಆ ಕೀಲಿ ನನ್ನ ಹತ್ರ ಇರೋದು ನಂಗೆ ಬೇಡ." ಸ್ವಲ್ಪ ತಡೆದು, ನನ್ನ ಕಡೆ ನೋಡದೆ, ಸೇರಿಸಿದ. "ನಂಗೂ ಅಂಥದ್ದೊಂದು ಬೀಗ ಕೊಡ್ಸಿ. ನಾನೂ ಗುಂಡಿಗೆ ಇಳೀತೀನಿ. ಈ ವಯಸ್ಸಲ್ಲಿ ಮೆಟ್ಟಿಲು ಹತ್ತಿದ್ರೆ ಹೊಟ್ಟೆನಾದ್ರೂ ಕರಗತ್ತೆ."

ಸೂಪರ್‌ವೈಸರ್ ಅವನ ಒದ್ದೆ ಅಂಗಿಯನ್ನೂ ಸ್ವಿಚ್ಚಿನ ಹಿಡಿಯ ಮೇಲಿನ ಬೀಗವನ್ನೂ ನೋಡಿದರು. ಏನೋ ಕೇಳಬೇಕೆಂದು ಬಾಯಿ ತೆರೆದವರು ಕೇಳಲಿಲ್ಲ. ಅವರೂ ಹಿಂದೆ ಯಾವುದೋ ಯಂತ್ರದ ಕೋಣೆಯಲ್ಲಿ ನಿಂತವರೇ ಇರಬೇಕು.

"ಎರಡು ಬೀಗ" ಅಂದರು ಕೊನೆಗೆ. "ಸೋಮವಾರದಿಂದ ಇಬ್ಬರೂ ಹಳೇ ಪಾಳಿಗೇ ಬನ್ನಿ. ಲೇಟಾದ್ರೆ ನನ್ನ ಕಿವಿ ಹಿಂಡ್ತಾರೆ, ನಾನು ನಿಮ್ಮ ಕಿವಿ ಹಿಂಡ್ತೀನಿ. ಸರಿನಾ?"

ಮಗಳು ಬಾಯಿ ತೆರೆದಳು. ಅವಳ ತುಟಿಯ ಮೇಲೆ ಯಾವ ಪದ ಬಂದು ಕೂತಿತ್ತೆಂದು ನಮಗೆಲ್ಲ ಗೊತ್ತಿತ್ತು. ಕಷ್ಟಪಟ್ಟು ಅದನ್ನು ನುಂಗಿದಳು. "ಸೋಮವಾರದಿಂದ ಬರ್ತೀನಿ ಸಾರ್. ಕೇಳಿಸ್ತು."

*

ಸಂಜೆ ಊಟಕ್ಕೆ ಕೂತಾಗ ಅವಳ ಬಾಯಿಗೆ ಬಿಡುವಿರಲಿಲ್ಲ. ಹಗ್ಗದ ವಿಷಯ ಶುರು ಮಾಡಿ, ಅಲ್ಲಿಂದ ಸೂಪರ್‌ವೈಸರ್ ಮೆಟ್ಟಿಲಲ್ಲಿ ಮೂರು ಸಲ ಕೂತದ್ದಕ್ಕೆ ಹಾರಿ, ಅಲ್ಲಿಂದ ತನ್ನ ಬೀಗಕ್ಕೆ ಯಾವ ಬಣ್ಣ ಎಂದು ದೊಡ್ಡಣ್ಣ ಕೇಳಿದ್ದಕ್ಕೆ ಹಾರಿದಳು. ಅವಳಪ್ಪ ಹೇಳುತ್ತಿದ್ದ ಹತ್ತು ವಿಷಯಗಳೂ ತಟ್ಟೆಯ ಸುತ್ತ ಸೇರಿದ್ದವು. ನಾನು ಬಡಿಸುತ್ತ ಕೇಳುತ್ತಿದ್ದೆ.

"ಒಂದು ವಿಷಯ ಅಮ್ಮ" ಅಂದಳು, ತುತ್ತು ಕೈಯಲ್ಲೇ ನಿಲ್ಲಿಸಿ. "ಇಳಿದು ಹೋಗುವಾಗ ದೊಡ್ಡಣ್ಣ ನನ್ನ ತಲೆ ಮೇಲೆ ಕೈ ಇಟ್ಟ. ಸುಮ್ಮನೆ. ಅವನು ಹಂಗೆಲ್ಲ ಮಾಡೋನೇ ಅಲ್ಲ. ಮೇಲೆ ನೀನೇನಾದ್ರೂ ಅಂದ್ಯಾ ಅವನಿಗೆ?"

"ನಾನ್ಯಾಕೆ ಏನಾದ್ರೂ ಅನ್ಲಿ? ಬಟ್ಟೆ ಹರವ್ತಿದ್ದೆ."

"ಅವನು ಅತ್ತ ಹಾಗಿತ್ತು."

"ಗ್ರೀಸಿನ ಕೈಯಲ್ಲಿ ಕಣ್ಣುಜ್ಜಿಕೊಂಡಿರ್ತಾನೆ. ಊಟ ಮಾಡು, ಆರುತ್ತೆ."

ನನ್ನ ಮುಖವನ್ನೇ ನೋಡಿದಳು. ಅವಳಿಗೆ ಬೇಕಾದಾಗ ಗಮನ ಎಷ್ಟು ಹರಿತ ಎಂದು ಹೊರಗಿನವರಿಗೆ ಗೊತ್ತಿಲ್ಲ. ನಾನು ಪಾತ್ರೆಯೊಳಗೆ ಸೌಟು ಆಡಿಸಿದೆ.

ಹೇಳಬೇಕೇ? ಅವಳ ಜೀವದ ವಿಷಯ, ಅವಳಿಗೆ ಗೊತ್ತಿರಬೇಕಲ್ಲವೇ? ಆದರೆ ಏನು ಗೊತ್ತಿರಬೇಕೋ ಅದು ಅವಳಿಗೆ ಆಗಲೇ ಗೊತ್ತಿತ್ತು, ನಮಗೆಲ್ಲರಿಗಿಂತ ಮೊದಲು. ಅದನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದಳು. ಇನ್ನು ಉಳಿದದ್ದು ಒಬ್ಬ ಮನುಷ್ಯನ ಬಿಳಿಚಿದ ಮುಖ. ಅದನ್ನು ತಂದು ಈ ತಟ್ಟೆಯ ಪಕ್ಕ ಇಟ್ಟರೆ, ಇನ್ನು ಮುಂದೆ ಅವಳು ಗುಂಡಿಯಿಂದ ಕೂಗುವಾಗ ದನಿಯಲ್ಲಿ ಒಂದು ಅಳುಕು ಸೇರಿಕೊಳ್ಳುತ್ತದೆ. ಮೇಲಿನಿಂದ ಕೇಳುವವನಿಗೆ ಅದು ಗೊತ್ತಾಗದೇ ಇರುವುದಿಲ್ಲ.

"ಇನ್ನೊಂಚೂರು ಹಾಕು" ಎಂದು ಅವಳು ತಟ್ಟೆ ಮುಂದೆ ಚಾಚಿದಳು.

ಹಾಕಿದೆ. ಯಾರಿಗೂ ಹೇಳುವುದಿಲ್ಲ ಅಂದುಕೊಂಡೆ. ಸೂಪರ್‌ವೈಸರಿಗೆ ಹೇಳುವುದಿಲ್ಲ, ಮೂರನೆಯ ಮಹಡಿಯ ಅಜ್ಜಿಗೆ ಹೇಳುವುದಿಲ್ಲ, ದೊಡ್ಡಣ್ಣನ ಎದುರಿಗೂ ಆ ಮಾತು ಎತ್ತುವುದಿಲ್ಲ. ಇವಳಿಗಂತೂ ಹೇಳುವುದೇ ಇಲ್ಲ.